ಕೌಂಟರಿನಲ್ಲಿ ಸಿಗುವ ಸಲಹೆ: ಸಕಲೇಶಪುರ ಮತ್ತು ಆಲೂರಿನ ಮೊಬೈಲ್ ಅಂಗಡಿಗಳವರಿಗೆ ಬಹಿರಂಗ ಪತ್ರ

ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಮೊಬೈಲ್ ಅಂಗಡಿ ಮಾಲೀಕರಿಗೆ, ದೂರವಾಣಿ ಕಂಪನಿಗಳ ಮಳಿಗೆಗಳನ್ನು ನಡೆಸುವವರಿಗೆ ಹಾಗೂ ಅಲ್ಲಿ ದಿನವಿಡೀ ನಿಂತು ಮಾರಾಟ ಮಾಡುವ ಸಿಬ್ಬಂದಿಗೆ,



ಹೆತ್ತೂರು, ಯಸಳೂರು, ಹಾನುಬಾಳು, ಪಾಳ್ಯ, ಮಗ್ಗೆ, ಕೆಂಚಮ್ಮನ ಹೊಸಕೋಟೆ ಮೊದಲಾದ ಕಡೆಗಳಿಂದ ಬಸ್ಸು ಹಿಡಿದು ಪೇಟೆಗೆ ಬರುವ ಗ್ರಾಹಕರು ಯಾವ ಫೋನನ್ನು ಮನೆಗೆ ಒಯ್ಯುತ್ತಾರೆ ಎಂಬುದು ಅವರ ಅಗತ್ಯ ಮತ್ತು ಜೇಬಿನಿಂದ ಎಷ್ಟರ ಮಟ್ಟಿಗೆ ತೀರ್ಮಾನವಾಗುತ್ತದೆಯೋ, ಕೌಂಟರಿನ ಹಿಂದೆ ನಿಂತವರು ಆಡುವ ಎರಡು ಮಾತಿನಿಂದಲೂ ಅಷ್ಟರ ಮಟ್ಟಿಗೆ ತೀರ್ಮಾನವಾಗುತ್ತದೆ. ದೊಡ್ಡ ನಗರದ ಗ್ರಾಹಕರಿಗೆ ಒಂದು ಅಂಗಡಿಯ ಮಾತು ಹಿಡಿಸದಿದ್ದರೆ ಪಕ್ಕದ ರಸ್ತೆಯಲ್ಲಿ ಹತ್ತು ಅಂಗಡಿಗಳಿರುತ್ತವೆ. ಬೆಟ್ಟದ ಗ್ರಾಹಕರಿಗೆ ಸಂಜೆಯ ಕೊನೆಯ ಬಸ್ಸಿನ ಯೋಚನೆ ಇರುತ್ತದೆ, ಹೀಗಾಗಿ ಅವರು ಮೊದಲು ಹೊಕ್ಕ ಅಂಗಡಿಯ ಸಲಹೆಯನ್ನೇ ನಂಬಿ ಹಣ ಎಣಿಸುತ್ತಾರೆ. ಆ ನಂಬಿಕೆಯ ಬಲದಿಂದಲೇ ಈ ಎರಡು ತಾಲ್ಲೂಕುಗಳ ಮೊಬೈಲ್ ವ್ಯಾಪಾರ ಬೆಳೆದಿದೆ ಎಂಬುದರಲ್ಲಿ ಅನುಮಾನವಿಲ್ಲ. ಈ ಪತ್ರದ ವಿಷಯವೂ ಆ ಸಲಹೆಯೇ: ಹೆಚ್ಚು ಜನ ಬಳಸದ ವೇದಿಕೆಯ ಫೋನನ್ನು ಯಾರಾದರೂ ಕೇಳಿದಾಗ ಅವರಿಗೆ ಸಿಗುವ ಉತ್ತರ ಎಲ್ಲಿಂದ ಹುಟ್ಟುತ್ತದೆ, ಅದರಲ್ಲಿ ಎಷ್ಟು ಪಾಲು ನಿಜವಾದ ಕಾಳಜಿ, ಎಷ್ಟು ಪಾಲು ಬೇರೆಯವರು ತೆತ್ತ ಹಣ ಎಂಬ ಪ್ರಶ್ನೆ.

ಇಲ್ಲಿ ವೇದಿಕೆ ಎಂದರೆ ಫೋನಿನ ಯಂತ್ರಭಾಗವನ್ನು ನಡೆಸುವ ಮೂಲ ತಂತ್ರಾಂಶ, ಅಂದರೆ ಆಪರೇಟಿಂಗ್ ಸಿಸ್ಟಮ್, ಮತ್ತು ಅದರ ಸುತ್ತ ಬೆಳೆದ ಆ್ಯಪ್ ಅಂಗಡಿ, ನಕ್ಷೆ, ಹಣ ಪಾವತಿ ಮುಂತಾದ ಸೇವೆಗಳ ಒಟ್ಟು ವ್ಯವಸ್ಥೆ. ಭಾರತದ ಸ್ಮಾರ್ಟ್‌ಫೋನುಗಳಲ್ಲಿ ನೂರಕ್ಕೆ ಸುಮಾರು 95 ಗೂಗಲ್‌ನ ಆಂಡ್ರಾಯ್ಡ್ ಮೇಲೆ ನಡೆಯುತ್ತವೆ, ಉಳಿದವು ಬಹುತೇಕ ಆಪಲ್‌ನ ಐಒಎಸ್ ಮೇಲೆ. ಇವೆರಡನ್ನು ಬಿಟ್ಟು ಸಿಂಬಿಯನ್, ಬ್ಲ್ಯಾಕ್‌ಬೆರಿ, ವಿಂಡೋಸ್ ಫೋನ್, ಫೈರ್‌ಫಾಕ್ಸ್ ಓಎಸ್, ಟೈಜೆನ್, ಕಾಯ್‌ಓಎಸ್ ಎಂಬ ಹೆಸರುಗಳೆಲ್ಲ ಗಾಜಿನ ಕಪಾಟಿನೊಳಗೆ ಬಂದು ಹೋಗಿವೆ. ಅವು ಹೋದದ್ದಕ್ಕೆ ಪ್ರತಿಯೊಂದಕ್ಕೂ ಬೇರೆ ಬೇರೆ ಕಾರಣಗಳಿವೆ, ಆದರೆ ಕೌಂಟರಿನ ಪಾತ್ರ ಬಹುತೇಕ ಎಲ್ಲದರಲ್ಲೂ ಇದೆ.

ವಿಂಡೋಸ್ ಫೋನಿನ ಕಥೆಯನ್ನು ಸ್ವಲ್ಪ ವಿವರವಾಗಿ ನೋಡುವುದು ಉಪಯುಕ್ತ. ಮೈಕ್ರೋಸಾಫ್ಟ್ ಈ ವೇದಿಕೆಯನ್ನು 2010ರಲ್ಲಿ ಹೊರತಂದಿತು. 2011ರ ಫೆಬ್ರುವರಿಯಲ್ಲಿ ನೋಕಿಯಾ ತನ್ನ ಸ್ಮಾರ್ಟ್‌ಫೋನುಗಳಿಗೆ ಅದನ್ನೇ ಅಳವಡಿಸಿಕೊಳ್ಳುವುದಾಗಿ ಸಾರಿತು. 2013ರಲ್ಲಿ ಲೂಮಿಯಾ 520 ಎಂಬ ಮಾದರಿ ಭಾರತದಲ್ಲಿ ₹10,499ಕ್ಕೆ ಮಾರಾಟಕ್ಕೆ ಬಂತು. ಕೇವಲ 512 ಎಂಬಿ ರ್‍ಯಾಮ್ ಇದ್ದರೂ ತಡವರಿಸದೆ ಓಡುತ್ತಿದ್ದ ಆ ಫೋನಿಗೆ, ಕೆಸರಿಗೆ ಬಿದ್ದರೂ ಒರೆಸಿ ಬಳಸಬಹುದೆಂದು ನೋಕಿಯಾವನ್ನು ನಂಬಿದ್ದ ಮಲೆನಾಡಿನಲ್ಲಿ ಸಹಜವಾಗಿಯೇ ಗಿರಾಕಿಗಳಿರಬೇಕಿತ್ತು. ಆದರೆ ಆ ವೇದಿಕೆಗೆ ಆ್ಯಪ್‌ಗಳು ಕಡಿಮೆಯಿದ್ದವು, ಬಂದವೂ ತಡವಾಗಿ ಬರುತ್ತಿದ್ದವು. ಆ್ಯಪ್ ಸಿಗುವುದಿಲ್ಲ ಎಂಬ ಮಾತನ್ನು ಅಂಗಡಿಗಳಲ್ಲಿ ಹೇಳತೊಡಗಿದಾಗ ಅದು ಸುಳ್ಳಾಗಿರಲಿಲ್ಲ. ಆ ಮಾತಿನಿಂದ ಮಾರಾಟ ಕುಗ್ಗಿತು, ಮಾರಾಟ ಕುಗ್ಗಿದ ವೇದಿಕೆಗೆ ಆ್ಯಪ್ ಬರೆಯಲು ಕಂಪನಿಗಳು ಹಿಂದೇಟು ಹಾಕಿದವು, ಆ್ಯಪ್‌ಗಳು ಇನ್ನಷ್ಟು ಕಡಿಮೆಯಾದವು, ಅಂಗಡಿಯ ಮಾತು ಇನ್ನಷ್ಟು ನಿಜವಾಯಿತು. ಕೊನೆಗೆ 2019ರ ಡಿಸೆಂಬರ್ 31ಕ್ಕೆ ವಾಟ್ಸ್‌ಆ್ಯಪ್ ವಿಂಡೋಸ್ ಫೋನುಗಳಲ್ಲಿ ನಿಂತಿತು. ಅಂಗಡಿಯವರ ಭವಿಷ್ಯವಾಣಿ ಫಲಿಸಿತೆಂದು ಇದನ್ನು ಓದಬಹುದು, ಆದರೆ ಆ ಭವಿಷ್ಯವಾಣಿ ಫಲಿಸುವುದರಲ್ಲಿ ಅದನ್ನು ನುಡಿದವರದೂ ಒಂದು ಕೈಯಿತ್ತು ಎಂಬುದನ್ನು ಸೇರಿಸಿಯೇ ಓದಬೇಕು.

ಅಮೆರಿಕದಲ್ಲಿ ಇದೇ ಸಂಗತಿ ಇನ್ನಷ್ಟು ನಗ್ನವಾಗಿ ನಡೆಯಿತು. ಅಲ್ಲಿ ಆ ಕಾಲದಲ್ಲಿ ಫೋನುಗಳು ಬಹುಪಾಲು ಮಾರಾಟವಾಗುತ್ತಿದ್ದುದು ದೂರವಾಣಿ ಕಂಪನಿಗಳ ಸ್ವಂತ ಮಳಿಗೆಗಳಲ್ಲಿ, ಎರಡು ವರ್ಷದ ಒಪ್ಪಂದಕ್ಕೆ ಕಟ್ಟಿಹಾಕಿದ ರಿಯಾಯಿತಿ ಬೆಲೆಗೆ. ಆದ್ದರಿಂದ ಯಾವ ಫೋನನ್ನು ಮುಂದಿಡಬೇಕು, ಯಾವುದನ್ನು ಹಿಂದೆ ಸರಿಸಬೇಕು ಎಂಬುದು ಕಂಪನಿಯ ವ್ಯವಹಾರ ನೀತಿಯಾಗಿತ್ತು. ಮೈಕ್ರೋಸಾಫ್ಟ್‌ನ ವಿಂಡೋಸ್ ಫೋನ್ ವಿಭಾಗದಲ್ಲಿ ಕೆಲಸ ಮಾಡಿ ಹೊರಬಂದಿದ್ದ ಚಾರ್ಲಿ ಕಿಂಡೆಲ್ 2011ರ ಕೊನೆಯಲ್ಲಿ ಮುಂದಿಟ್ಟ ವಾದದ ಸಾರವೂ ಇದೇ: ದೂರವಾಣಿ ಕಂಪನಿಗಳಿಗೂ ಫೋನ್ ತಯಾರಕರಿಗೂ ಬೇಕಾದಷ್ಟು ಸಡಿಲಿಕೆಯನ್ನು ಆಂಡ್ರಾಯ್ಡ್ ಕೊಟ್ಟಿತು, ವಿಂಡೋಸ್ ಫೋನ್ ಕೊಡಲಿಲ್ಲ, ಆದ್ದರಿಂದ ಮಾರುವವರ ಉತ್ಸಾಹ ಆಂಡ್ರಾಯ್ಡ್‌ನ ಕಡೆಗೆ ಹರಿಯಿತು. ಒಳ್ಳೆಯ ವಸ್ತು ಮತ್ತು ಮಾರುವವರ ಉತ್ಸಾಹ ಬೇರೆ ಬೇರೆ ದಿಕ್ಕಿಗೆ ಹೋಗಬಹುದು ಎಂಬ ಆ ವಾದವನ್ನು ಸಕಲೇಶಪುರದ ಯಾವ ಅಂಗಡಿಯವರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಉಳಿದವುಗಳ ಕಥೆ ಚಿಕ್ಕದು. ಮೊಜಿಲ್ಲಾದ ಫೈರ್‌ಫಾಕ್ಸ್ ಓಎಸ್ ಇದ್ದ ಇಂಟೆಕ್ಸ್ ಕ್ಲೌಡ್ ಎಫ್‌ಎಕ್ಸ್ 2014ರ ಆಗಸ್ಟ್‌ನಲ್ಲಿ ₹1,999ಕ್ಕೆ ಬಂತು, ಆದರೆ 128 ಎಂಬಿ ರ್‍ಯಾಮ್‌ನ ಆ 2ಜಿ ಫೋನನ್ನು ಬೇಡವೆಂದವರನ್ನು ಪಕ್ಷಪಾತಿಗಳೆನ್ನುವುದು ಕಷ್ಟ. ಸ್ಯಾಮ್‌ಸಂಗ್ ತನ್ನ ಟೈಜೆನ್ ವೇದಿಕೆಯ ಝಡ್1 ಫೋನನ್ನು 2015ರ ಜನವರಿಯಲ್ಲಿ ₹5,700ಕ್ಕೆ ಮೊದಲು ಬಿಡುಗಡೆ ಮಾಡಿದ್ದು ಭಾರತದಲ್ಲೇ. ಅದೇ ಕಂಪನಿಯ ಆಂಡ್ರಾಯ್ಡ್ ಫೋನುಗಳು ಅದೇ ಕಪಾಟಿನಲ್ಲಿ ಇದ್ದುದರಿಂದ ಟೈಜೆನ್ ಬಗ್ಗೆ ವಿವರಿಸುವ ತೊಂದರೆಯನ್ನು ಯಾರೂ ತೆಗೆದುಕೊಳ್ಳಲಿಲ್ಲ.

ಇವೆಲ್ಲಕ್ಕೂ ತದ್ವಿರುದ್ಧವಾದ ಒಂದು ಉದಾಹರಣೆ ಇದೆ, ಮತ್ತು ಕೌಂಟರಿನ ಶಕ್ತಿಯನ್ನು ಅದರಷ್ಟು ಚೆನ್ನಾಗಿ ತೋರಿಸುವುದು ಬೇರೊಂದಿಲ್ಲ. ಫೈರ್‌ಫಾಕ್ಸ್ ಓಎಸ್ ಅನ್ನು ಮೊಜಿಲ್ಲಾ ಕೈಬಿಟ್ಟ ಮೇಲೆ ಅದರ ಬೇರಿನಿಂದಲೇ ಚಿಗುರಿದ ವೇದಿಕೆ ಕಾಯ್‌ಓಎಸ್. 2017ರ ಜುಲೈನಲ್ಲಿ ರಿಲಯನ್ಸ್ ಜಿಯೋ ಆ ವೇದಿಕೆಯ ಜಿಯೋಫೋನನ್ನು ಘೋಷಿಸಿತು. ₹1,500 ಠೇವಣಿ ಇಟ್ಟು ಮೂರು ವರ್ಷದ ನಂತರ ಫೋನ್ ಮರಳಿಸಿದರೆ ಹಣ ವಾಪಸು ಎಂಬುದು ಕರಾರು. ಕಾಯ್‌ಓಎಸ್ ಎಂಬ ಹೆಸರನ್ನು ಕೊಂಡವರೂ ಕೇಳಿರಲಿಲ್ಲ, ಬಹುಶಃ ಮಾರಿದವರೂ ಕೇಳಿರಲಿಲ್ಲ. ಆಗ ಅದರಲ್ಲಿ ವಾಟ್ಸ್‌ಆ್ಯಪ್ ಇರಲಿಲ್ಲ, ಅದು ಬಂದದ್ದು 2018ರ ಸೆಪ್ಟೆಂಬರಿನಲ್ಲಿ. ಆದರೂ ಜಿಯೋಫೋನ್ ಬಳಕೆದಾರರ ಸಂಖ್ಯೆ 10 ಕೋಟಿ ಮುಟ್ಟಿದೆ ಎಂದು 2021ರಲ್ಲಿ ಕಂಪನಿ ಹೇಳಿಕೊಳ್ಳುವಷ್ಟು ಅದು ಹರಡಿತು. ಲೂಮಿಯಾವನ್ನು ಆ್ಯಪ್ ಇಲ್ಲವೆಂದು ಪಕ್ಕಕ್ಕೆ ಸರಿಸಿದ ಅಂಗಡಿಗಳಲ್ಲೇ, ಅದಕ್ಕಿಂತ ಎಷ್ಟೋ ಕಡಿಮೆ ಆ್ಯಪ್ ಇದ್ದ ಫೋನಿಗೆ ಹೆಸರು ಬರೆಸಲು ಸಾಲು ನಿಂತಿತು. ಆ್ಯಪ್‌ಗಳ ಕೊರತೆ ತಾನೇ ತಾನಾಗಿ ಮಾರಾಟಕ್ಕೆ ಅಡ್ಡಿಯಾಗುವುದಿಲ್ಲ, ಮಾರುವ ಸರಪಳಿಗೆ ಆ ಫೋನ್ ಮಾರಾಟವಾಗುವುದು ಬೇಕೋ ಬೇಡವೋ ಎಂಬುದೇ ಹೆಚ್ಚು ಮುಖ್ಯ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆ ಫೋನು ಜಿಯೋ ಸಿಮ್ ಬಿಟ್ಟು ಬೇರೆ ಸಿಮ್‌ಗೆ ಒಗ್ಗುತ್ತಿರಲಿಲ್ಲ ಎಂಬ ಸಂಗತಿ, ಜಿಯೋ ಸಿಗ್ನಲ್ ಹತ್ತದ ಕಣಿವೆಗಳ ಎಷ್ಟೋ ಮನೆಯವರಿಗೆ ಫೋನನ್ನು ಮನೆಗೆ ಒಯ್ದ ಮೇಲೆ ತಿಳಿಯಿತು.

ಮಾರುವವರ ಮನಸ್ಸು ಹೇಗೆ ತಿರುಗುತ್ತದೆ ಎಂಬುದು ಈ ಪತ್ರ ಓದುವವರಿಗೆ ತಿಳಿಯದ ವಿಷಯವಲ್ಲ. ಆದರೂ ಗ್ರಾಹಕರಿಗೆ ತಿಳಿಯದಿರುವುದರಿಂದ ಇಲ್ಲಿ ಬರೆಯಬೇಕಾಗಿದೆ. ಒಂದು ಫೋನಿನ ಮೇಲೆ ಅಂಗಡಿಗೆ ಸಿಗುವ ಮಾರ್ಜಿನ್ ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಬೇರೆ. ಅದರ ಮೇಲೆ ತಿಂಗಳಿಗಿಷ್ಟು ಪೀಸು ಮಾರಿದರೆ ಇಷ್ಟು ಎಂಬ ಸ್ಕೀಮು, ಅದರ ಮೇಲೆ ಹಬ್ಬದ ಟಾರ್ಗೆಟ್ಟು. ಕೆಲವು ಅಂಗಡಿಗಳಲ್ಲಿ ಬ್ರ್ಯಾಂಡಿನ ಟೀ ಶರ್ಟ್ ತೊಟ್ಟು ನಿಂತಿರುವ ಹುಡುಗ ಅಂಗಡಿಯ ನೌಕರನಲ್ಲ, ಫೋನ್ ಕಂಪನಿಯೇ ಸಂಬಳ ಕೊಟ್ಟು ನಿಲ್ಲಿಸಿರುವ ಪ್ರಮೋಟರ್. ಅವನನ್ನು ಅಂಗಡಿಯವನೆಂದೇ ತಿಳಿದು ಗ್ರಾಹಕರು ‘ಯಾವುದು ಒಳ್ಳೇದಪ್ಪ’ ಎಂದು ಕೇಳುತ್ತಾರೆ. ಕಂತಿನ ಸಾಲ ಕೊಡುವ ಫೈನಾನ್ಸ್ ಕಂಪನಿಯ ಪಟ್ಟಿಯಲ್ಲಿ ಯಾವ ಮಾದರಿಗೆ ಬಡ್ಡಿಯಿಲ್ಲದ ಇಎಂಐ ಇದೆ ಎಂಬುದೂ ಸಲಹೆಯನ್ನು ತಿರುಗಿಸುತ್ತದೆ. ಗ್ರಾಹಕರು ಕಪಾಟಿನ ಮೂಲೆಯ ಒಂದು ಪೆಟ್ಟಿಗೆಯತ್ತ ಬೆರಳು ತೋರಿಸಿದಾಗ ‘ಅದು ಓಡಲ್ಲ ಅಣ್ಣ, ಸರ್ವಿಸ್ ಇಲ್ಲ, ಇದ್ ತಗೊಳಿ, ಆಫರ್ ಇದೆ’ ಎಂಬ ಮಾತಿನ ಜೊತೆಗೆ ಬೇರೊಂದು ಫೋನು ಆಗಲೇ ಕೈಗೆ ಬಂದಿರುತ್ತದೆ, ಟೆಂಪರ್ಡ್ ಗ್ಲಾಸ್ ಅಂಟಿಸಲು ಒರೆಸುವ ಬಟ್ಟೆ ಮೇಜಿನ ಮೇಲೆ ಬಿಚ್ಚಿಕೊಂಡಿರುತ್ತದೆ. ಆ ಒಂದು ವಾಕ್ಯದಲ್ಲಿ ಸರ್ವಿಸ್ ಎಂಬುದು ಪರಿಶೀಲಿಸಬಹುದಾದ ಸಂಗತಿ, ಆಫರ್ ಎಂಬುದು ಅರ್ಧ ಮಾತ್ರ ಹೇಳಿದ ಸಂಗತಿ, ಏಕೆಂದರೆ ಆಫರ್ ಗ್ರಾಹಕರಿಗೆ ಎಷ್ಟು, ಅಂಗಡಿಗೆ ಎಷ್ಟು ಎಂಬುದು ಅಲ್ಲಿ ಬರುವುದಿಲ್ಲ.

ಮಾರ್ಜಿನ್ ಎಷ್ಟು ಬಲವಾದದ್ದು ಎಂಬುದನ್ನು ವ್ಯಾಪಾರಿಗಳೇ ಬಹಿರಂಗವಾಗಿ ಹೇಳಿದ ಸಂದರ್ಭ 2024ರಲ್ಲಿ ಬಂತು. ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳಲ್ಲಿ ಸುಮಾರು 4,500 ಮಳಿಗೆಗಳನ್ನು ಪ್ರತಿನಿಧಿಸುವುದಾಗಿ ಹೇಳಿಕೊಂಡ ದಕ್ಷಿಣ ಭಾರತದ ಸಂಘಟಿತ ಮಾರಾಟಗಾರರ ಸಂಘವು ಮೇ 1ರಿಂದ ಒನ್‌ಪ್ಲಸ್ ಉತ್ಪನ್ನಗಳ ಮಾರಾಟ ನಿಲ್ಲಿಸುವುದಾಗಿ ಆ ಕಂಪನಿಗೆ ಪತ್ರ ಬರೆಯಿತು. ಕಡಿಮೆ ಮಾರ್ಜಿನ್ ಮತ್ತು ವಾರಂಟಿ ಇತ್ಯರ್ಥದ ವಿಳಂಬ ಅದಕ್ಕೆ ಕೊಟ್ಟ ಕಾರಣಗಳಲ್ಲಿ ಸೇರಿದ್ದವು. ಅದು ಜನಪ್ರಿಯ ವೇದಿಕೆಯ, ಚೆನ್ನಾಗಿ ಮಾರಾಟವಾಗುವ ಫೋನು. ವ್ಯಾಪಾರಿಗೆ ಬದುಕುವಷ್ಟು ಲಾಭ ಬೇಕು ಎಂಬ ಅವರ ವಾದ ನ್ಯಾಯವಾದದ್ದೇ. ಆದರೆ ಜನಪ್ರಿಯ ಫೋನಿಗೇ ಹೀಗಾದರೆ, ಜಾಹೀರಾತೂ ಇಲ್ಲದ, ಪ್ರಮೋಟರೂ ಇಲ್ಲದ, ಸ್ಕೀಮೂ ಇಲ್ಲದ ವೇದಿಕೆಯ ಪರವಾಗಿ ಸಕಲೇಶಪುರದ ಕೌಂಟರಿನಲ್ಲಿ ಒಂದು ಮಾತಾಡುವವರು ಯಾರು?

ಇಷ್ಟು ಹೇಳಿದ ಮೇಲೆ ಅಂಗಡಿಯವರ ಪರವಾಗಿ ಹೇಳಬೇಕಾದದ್ದೂ ಸಾಕಷ್ಟಿದೆ, ಏಕೆಂದರೆ ಕಡಿಮೆ ಜನಪ್ರಿಯ ವೇದಿಕೆಯ ಬಗ್ಗೆ ಎಚ್ಚರಿಸುವುದೆಲ್ಲ ಪಕ್ಷಪಾತವಲ್ಲ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದಾಗ ಅದಕ್ಕೆ 2ಜಿ, 3ಜಿ ಜಾಲಗಳೇ ಇರಲಿಲ್ಲ. ಕರೆಗಳೂ 4ಜಿ ಡೇಟಾ ಜಾಲದ ಮೇಲೆಯೇ ಸಾಗುವ ವೋಎಲ್‌ಟಿಇ ಎಂಬ ತಂತ್ರ ಫೋನಿನಲ್ಲಿ ಇಲ್ಲದಿದ್ದರೆ ನೇರವಾಗಿ ಕರೆ ಮಾಡುವುದೇ ಸಾಧ್ಯವಿರಲಿಲ್ಲ, ಆ ಕೊರತೆಯನ್ನು ತುಂಬಲು ಕಂಪನಿ ಕೊಟ್ಟ ಆ್ಯಪ್ ಇದ್ದದ್ದು ಆಂಡ್ರಾಯ್ಡ್ ಮತ್ತು ಐಒಎಸ್‌ಗೆ ಮಾತ್ರ. ಆಗ ಬೇರೆ ವೇದಿಕೆಯ ಹಳೆಯ ಫೋನು ಬೇಡವೆಂದ ಅಂಗಡಿಯವರು ಗ್ರಾಹಕರ ಹಿತವನ್ನೇ ಕಾದರು. ನೋಕಿಯಾದ ಎಸ್40 ಫೋನುಗಳಲ್ಲಿ 2018ರ ಕೊನೆಗೆ, ಬ್ಲ್ಯಾಕ್‌ಬೆರಿಯಲ್ಲಿ ಅದಕ್ಕೂ ಒಂದು ವರ್ಷ ಮೊದಲು ವಾಟ್ಸ್‌ಆ್ಯಪ್ ನಿಂತಾಗಲೂ ಅದನ್ನು ಮೊದಲೇ ಹೇಳಿದವರು ಉಪಕಾರವನ್ನೇ ಮಾಡಿದರು.

ಸರ್ಕಾರದ ಪಾಲೂ ಇದರಲ್ಲಿ ಸಣ್ಣದಲ್ಲ. 2020ರ ಮುಂಗಾರಿನಲ್ಲಿ ರಾಜ್ಯ ಸರ್ಕಾರ ರೈತರೇ ತಮ್ಮ ಬೆಳೆಯ ವಿವರವನ್ನು ಫೋಟೊ ಸಮೇತ ದಾಖಲಿಸುವ ಬೆಳೆ ಸಮೀಕ್ಷೆ ಆ್ಯಪ್ ತಂದಾಗ ಅದನ್ನು ಇಳಿಸಿಕೊಳ್ಳಬೇಕಿದ್ದುದು ಗೂಗಲ್ ಪ್ಲೇ ಸ್ಟೋರಿನಿಂದ. ಪರಿಹಾರ, ವಿಮೆಗಳಿಗೆ ಆಧಾರವಾಗುವ ದಾಖಲೆಯೊಂದು ಒಂದು ಖಾಸಗಿ ಕಂಪನಿಯ ಆ್ಯಪ್ ಅಂಗಡಿಯ ಮೂಲಕ ಹಾದು ಬರಬೇಕಾದಾಗ, ಆಂಡ್ರಾಯ್ಡ್ ಅಲ್ಲದ ಫೋನು ಬೇಡ ಎಂಬ ಸಲಹೆ ಅಂಗಡಿಯವರದ್ದೆಷ್ಟೋ ಸರ್ಕಾರದ್ದೂ ಅಷ್ಟೇ ಆಗುತ್ತದೆ. ಬೇರೆ ದಾರಿ ಇಲ್ಲದೆ ಹೀಗಾಯಿತು ಎನ್ನುವಂತಿಲ್ಲ: ಅದೇ 2020ರಲ್ಲಿ ಕೇಂದ್ರದ ಆರೋಗ್ಯ ಸೇತು ಕಾಯ್‌ಓಎಸ್ ಫೋನುಗಳಿಗೂ ಬಂತು, ಸಾದಾ ಫೋನಿನವರಿಗೆ 1921 ಎಂಬ ಸಂಖ್ಯೆಯ ಕರೆ ವ್ಯವಸ್ಥೆಯೂ ಬಂತು. ಇನ್ನೂ ಮೇಲಿನ ಹಂತದಲ್ಲಿ, ಗೂಗಲ್‌ನ ಆ್ಯಪ್‌ಗಳ ಪರವಾನಗಿ ಬೇಕೆಂದರೆ ಆಂಡ್ರಾಯ್ಡ್‌ನ ಬೇರೆ ರೂಪಾಂತರಗಳ ಫೋನು ತಯಾರಿಸಬಾರದು ಎಂಬಂತಹ ಒಪ್ಪಂದಗಳಿಗೆ ತಯಾರಕರನ್ನು ಕಟ್ಟಿಹಾಕಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗವು 2022ರ ಅಕ್ಟೋಬರ್ 20ರಂದು ಗೂಗಲ್‌ಗೆ ₹1,337.76 ಕೋಟಿ ದಂಡ ವಿಧಿಸಿತು. 2023ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಆಯೋಗದ ಕೆಲವು ನಿರ್ದೇಶನಗಳನ್ನು ತೆಗೆದುಹಾಕಿದರೂ ದಂಡವನ್ನು ಎತ್ತಿಹಿಡಿಯಿತು. ಹೀಗೆ ಕಪಾಟಿಗೆ ಬರುವ ಮೊದಲೇ ಆಯ್ಕೆ ಬಹಳಷ್ಟು ಕುಗ್ಗಿರುತ್ತದೆ, ಉಳಿದ ಚೂರುಪಾರು ಆಯ್ಕೆ ಮಾತ್ರ ಕೌಂಟರಿನ ಕೈಯಲ್ಲಿರುವುದು.

ಆ ಚೂರುಪಾರು ಆಯ್ಕೆಯಲ್ಲೂ ಬೆಟ್ಟದ ಗ್ರಾಹಕರಿಗೆ ಬೇಕಾದ ಪ್ರಶ್ನೆಗಳು ಬೇರೆ. ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂಬುದಕ್ಕಿಂತ, ಮನೆಯ ಹತ್ತಿರ ಹಾಯುವ ಸಿಗ್ನಲ್ ಯಾವ ಬ್ಯಾಂಡಿನದು, ಅಂದರೆ ಯಾವ ತರಂಗಾಂತರದ್ದು, ಅದನ್ನು ಈ ಫೋನು ಹಿಡಿಯುತ್ತದೆಯೇ ಎಂಬುದು ಇಲ್ಲಿ ಮೊದಲ ಪ್ರಶ್ನೆ. ಕಡಿಮೆ ಆವರ್ತನದ ಅಲೆಗಳು ಹೆಚ್ಚು ದೂರ ಸಾಗುತ್ತವೆ, ಗುಡ್ಡ, ಮರ, ಗೋಡೆಗಳ ಅಡ್ಡಿಯನ್ನು ತಕ್ಕಮಟ್ಟಿಗೆ ದಾಟುತ್ತವೆ; ಬಿಎಸ್‌ಎನ್‌ಎಲ್ 4ಜಿ ಸೇವೆಗೆ ಬಳಸುವ 700 ಮೆಗಾಹರ್ಟ್ಸ್ ತರಂಗಾಂತರ, ಪೆಟ್ಟಿಗೆಯ ಮೇಲೆ ಬ್ಯಾಂಡ್ 28 ಎಂದು ನಮೂದಾಗುವುದು, ಅಂಥದ್ದು. ಪಶ್ಚಿಮ ಘಟ್ಟದ ಅಂಚಿನ ಊರಿನವರಿಗೆ ಆ ಬ್ಯಾಂಡ್ ಇಲ್ಲದ ಫೋನನ್ನು ಮಾರುವುದು, ಅದರ ವೇದಿಕೆ ಎಷ್ಟೇ ಜನಪ್ರಿಯವಾಗಿರಲಿ, ಕೆಟ್ಟ ಸಲಹೆ. ಮಳೆಗಾಲದಲ್ಲಿ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಹೋಗುವ ಊರಿನಲ್ಲಿ ಬ್ಯಾಟರಿ ಎಷ್ಟು ದಿನ ಬರುತ್ತದೆ ಎಂಬುದು ಎರಡನೆಯ ಪ್ರಶ್ನೆ. ಈ ವಿಷಯದಲ್ಲಿ ಸಾದಾ ವೇದಿಕೆಯ ಫೋನುಗಳು ದುಬಾರಿ ಫೋನುಗಳನ್ನು ಸುಲಭವಾಗಿ ಮೀರಿಸುತ್ತವೆ.

ಎರಡೂ ತಾಲ್ಲೂಕುಗಳಲ್ಲಿ ಕಾಡಾನೆಗಳ ಹಿಂಡು ಯಾವ ಎಸ್ಟೇಟಿನ ಬದಿಯಲ್ಲಿದೆ ಎಂಬ ಸೂಚನೆ ಫೋನಿನ ಮೂಲಕ ಬರುತ್ತದೆ. ವಾಟ್ಸ್‌ಆ್ಯಪ್ ಗುಂಪಿಗೆ ಬರುವ ಸೂಚನೆಗೆ ವಾಟ್ಸ್‌ಆ್ಯಪ್ ನಡೆಯುವ ವೇದಿಕೆ ಬೇಕು, ಎಸ್‌ಎಂಎಸ್ ಮತ್ತು ಕರೆಯ ಮೂಲಕ ಬರುವುದಕ್ಕೆ ಯಾವ ಫೋನಾದರೂ ಸಾಕು. ಬೆಳಗಿನ ಮಂಜಿನಲ್ಲಿ ಲೈನ್ ಮನೆಯಿಂದ ತೋಟಕ್ಕೆ ನಡೆಯುವ ಕಾರ್ಮಿಕರಿಗೆ ಈ ವ್ಯತ್ಯಾಸ ಫೋನಿನ ಬೆಲೆಗಿಂತ ದೊಡ್ಡದು. ಕಾಫಿ ಮಂಡಳಿ 2018ರಲ್ಲಿ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಆರಂಭಿಸಿದ ‘ಕಾಫಿ ಕೃಷಿ ತರಂಗ’ ಬೆಳೆಗಾರರಿಗೆ ಧ್ವನಿ ಕರೆಯ ಮೂಲಕವೇ ಸಲಹೆ ಕೊಡುವಂತೆ ರೂಪಿಸಿದ್ದು. 2022ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರತಂದ ಯುಪಿಐ 123ಪೇ ವ್ಯವಸ್ಥೆಯಲ್ಲಿ ಸ್ಮಾರ್ಟ್‌ಫೋನ್ ಅಲ್ಲದ ಫೋನಿನಿಂದಲೂ ಹಣ ಕಳಿಸಬಹುದು. ಇವೆರಡನ್ನೂ ಕೌಂಟರಿನಲ್ಲಿ ಹೇಳುವುದು ಅಪರೂಪ, ಏಕೆಂದರೆ ಹೇಳಿದರೆ ಹನ್ನೆರಡು ಸಾವಿರದ ಗಿರಾಕಿ ಎರಡು ಸಾವಿರದ ಗಿರಾಕಿಯಾಗಿ ಬಿಡಬಹುದು.

ಸಕಲೇಶಪುರದ ಅಂಗಡಿ ಮಾಲೀಕರಲ್ಲಿ ಸ್ವಂತದ್ದೋ ಮಾವನ ಮನೆಯದ್ದೋ ಎಕರೆ ಎರಡೆಕರೆ ಕಾಫಿ ತೋಟದ ನಂಟು ಇಲ್ಲದವರು ಕಡಿಮೆ. ಚೆರಿ ಕಾಫಿಯನ್ನು ಮಾರಲು ಒಯ್ದಾಗ ವ್ಯಾಪಾರಿ ಮೂಟೆಯಿಂದ ಹಿಡಿಯಷ್ಟು ತೆಗೆದು, ಸುಲಿದು, ತೂಗಿ, ಔಟ್‌ಟರ್ನ್, ಅಂದರೆ ಸುಲಿದ ಮೇಲೆ ಉಳಿಯುವ ಬೀಜ, ಎಷ್ಟು, ತೇವಾಂಶ ಎಷ್ಟು ಎಂದು ಬೆಳೆಗಾರರ ಕಣ್ಣೆದುರೇ ತೋರಿಸಿದ ಮೇಲೆ ತಾನೇ ದರ ಕುದುರುವುದು. ತೋರಿಸದೆ ‘ನಂಬಿ ಸ್ವಾಮಿ’ ಎಂದರೆ ಮೂಟೆ ಜೀಪಿಗೆ ವಾಪಸು ಏರುತ್ತದೆ. ಮಾರುವಾಗ ಅಷ್ಟು ಬಿಗಿಯಾಗಿ ಕೇಳುವ ಪಾರದರ್ಶಕತೆಯನ್ನು ಅದೇ ಬೆಳೆಗಾರರು ಕೊಳ್ಳುವಾಗ ಕೇಳಲು ಬಾರದೆ ನಿಂತಿರುತ್ತಾರೆ, ಏಕೆಂದರೆ ಫೋನಿನ ಔಟ್‌ಟರ್ನ್ ತೂಗುವುದು ಹೇಗೆಂದು ಅವರಿಗೆ ಯಾರೂ ತೋರಿಸಿಲ್ಲ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, 2020ರ ಜುಲೈನಿಂದ ಜಾರಿಯಲ್ಲಿರುವುದು, ಸರಕಿನ ಗುಣಮಟ್ಟದ ಬಗ್ಗೆ ಮಾಹಿತಿ ಪಡೆಯುವುದನ್ನೂ, ಸಾಧ್ಯವಿದ್ದಲ್ಲೆಲ್ಲ ಬಗೆಬಗೆಯ ಸರಕುಗಳು ಕೈಗೆಟಕುವುದನ್ನೂ ಗ್ರಾಹಕರ ಹಕ್ಕುಗಳೆಂದು ಎಣಿಸುತ್ತದೆ; 2022ರ ಜಾಹೀರಾತು ಮಾರ್ಗಸೂಚಿಗಳು ಉತ್ಪನ್ನವನ್ನು ಹೊಗಳುವವರಿಗೂ ಕಂಪನಿಗೂ ಇರುವ ನಂಟನ್ನು ಬಹಿರಂಗಪಡಿಸಬೇಕೆನ್ನುತ್ತವೆ. ಕೌಂಟರಿನ ಮಾತು ಜಾಹೀರಾತಲ್ಲವಾದ್ದರಿಂದ ಈ ಮಾರ್ಗಸೂಚಿಗಳ ಕೈಗೆ ಅದು ಸಿಗುವುದು ಕಷ್ಟ. ಹಾಗಾಗಿ ಈ ಪತ್ರ ಕಾನೂನಿನ ಭಯ ತೋರಿಸಲು ಹೊರಟಿಲ್ಲ, ಕೆಲವು ಕೋರಿಕೆಗಳನ್ನು ಮಾತ್ರ ಮುಂದಿಡುತ್ತದೆ. ಪ್ರಮೋಟರ್ ಯಾವ ಕಂಪನಿಯವರು ಎಂಬ ಚೀಟಿ ಅವರ ಎದೆಯ ಮೇಲೆ ಕನ್ನಡದಲ್ಲಿರಲಿ. ಯಾವುದೇ ಫೋನನ್ನು ಬೇಡವೆಂದಾಗ ಪರಿಶೀಲಿಸಬಹುದಾದ ಕಾರಣವನ್ನು ಕೊಡಲಿ: ಈ ಆ್ಯಪ್ ಇದರಲ್ಲಿ ಇಲ್ಲ, ಈ ಬ್ಯಾಂಡ್ ಇದು ಹಿಡಿಯುವುದಿಲ್ಲ, ಇದರ ಸರ್ವಿಸ್ ಸೆಂಟರ್ ಸಕಲೇಶಪುರದಿಂದ ಸುಮಾರು 40 ಕಿಲೋಮೀಟರ್ ದೂರದ ಹಾಸನದಲ್ಲೂ ಇಲ್ಲ ಎಂಬಂತೆ. ಬಿಲ್ಲಿನ ಹಿಂದೆ ಫೋನಿನ ವೇದಿಕೆ, ಅದು ಹಿಡಿಯುವ ಬ್ಯಾಂಡ್‌ಗಳು, ತಂತ್ರಾಂಶದ ಭದ್ರತಾ ಅಪ್‌ಡೇಟ್ ಯಾವ ವರ್ಷದವರೆಗೆ ಎಂಬ ಮೂರು ಸಾಲನ್ನು ಕೈಬರಹದಲ್ಲಾದರೂ ಬರೆದುಕೊಡಲಿ.

ದೂರವಾಣಿ ಕಂಪನಿಗಳ ಮಳಿಗೆಯವರಿಗೆ ಒಂದು ಮಾತು ಪ್ರತ್ಯೇಕವಾಗಿ. ಕಾಯ್‌ಓಎಸ್ ಫೋನುಗಳಲ್ಲಿ ವಾಟ್ಸ್‌ಆ್ಯಪ್ 2025ರ ಆರಂಭದಿಂದ ನಿಂತಿದೆ. ಹಳೆಯ ದಾಸ್ತಾನಿನಲ್ಲೋ ಎರಡನೆಯ ಕೈಯ ಮಾರಾಟದಲ್ಲೋ ಅಂಥ ಫೋನು ಇನ್ನೂ ಕೈ ಬದಲಾಯಿಸುತ್ತಿದ್ದರೆ, ಅದನ್ನು ಕೊಳ್ಳುವ ಕೂಲಿ ಕಾರ್ಮಿಕರಿಗೆ, ಕಾಡಾನೆ ಸೂಚನೆಯ ಗುಂಪಿನ ಸಂದೇಶ ಇದಕ್ಕೆ ಬರುವುದಿಲ್ಲ, ಎಸ್‌ಎಂಎಸ್ ಪಟ್ಟಿಗೆ ಹೆಸರು ಸೇರಿಸಿಕೊಳ್ಳಿ ಎಂದು ಹಣ ತೆಗೆದುಕೊಳ್ಳುವ ಮೊದಲೇ ತಿಳಿಸಬೇಕು. ಲೂಮಿಯಾದ ಕಾಲದಲ್ಲಿ ಆ್ಯಪ್ ಇಲ್ಲವೆಂದು ಅಷ್ಟು ಮುತುವರ್ಜಿಯಿಂದ ಹೇಳಿದ ಕೌಂಟರುಗಳಿಗೆ ಇದು ಹೊಸ ಅಭ್ಯಾಸವೇನೂ ಅಲ್ಲ. ಈ ಸಲ ಬರುವ ಅರೇಬಿಕಾ ಕೊಯ್ಲು ಮುಗಿದು ಕೂಲಿಯ ಲೆಕ್ಕ ಚುಕ್ತಾ ಆಗುವ ವೇಳೆಗೆ, ಅಂದರೆ ಫೋನ್ ಕೊಳ್ಳುವವರ ದಟ್ಟಣೆ ಹೆಚ್ಚುವ ಮೊದಲು, ಇಷ್ಟನ್ನು ಜಾರಿಗೆ ತರಬೇಕೆಂದು ಕೋರಿಕೆ.